ಮೊದಲು ಹಾಡು, ಆಮೇಲೆ ವೇದಿಕೆ

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆರೆಯೊಂದರ ದಂಡೆಯ ಮೇಲೆ ಅರ್ಧಚಂದ್ರಾಕಾರದ ಮೆಟ್ಟಿಲುಗಳಿರುವ ಒಂದು ಬಯಲು ರಂಗವಿದೆ. ಕಟ್ಟಿದವರು ಮನಸ್ಸಿಟ್ಟು ಕಟ್ಟಿದ್ದಾರೆ. ಮೆಟ್ಟಿಲುಗಳು ಕಾಲು ಮಡಚಿ ಕೂಡುವಷ್ಟು ಅಗಲವಾಗಿವೆ, ವೇದಿಕೆಯ ಹಿಂದೆ ನೀರು ಕಾಣುತ್ತದೆ, ಇಳಿಬಿಸಿಲು ಹಾಡುವವರ ಕಣ್ಣಿಗೆ ಹೊಡೆಯದಂತೆ ದಿಕ್ಕನ್ನೂ ಯೋಚಿಸಿ ಇಟ್ಟಿದ್ದಾರೆ. ನಾನು ಸಂಜೆ ಅಡ್ಡಾಡಲು ಹೋಗುವ ದಾರಿ ಅದರ ಮಗ್ಗುಲಲ್ಲೇ ಹಾದುಹೋಗುತ್ತದೆ. ಅಲ್ಲಿ ಹುಡುಗರು ಕೂತು ಮಾತಾಡುತ್ತಾರೆ, ವಯಸ್ಸಾದವರು ದಣಿವಾರಿಸಿಕೊಳ್ಳುತ್ತಾರೆ, ಹಬ್ಬ ಹರಿದಿನಗಳಲ್ಲಿ ಯಾರೋ ದೀಪದ ಸರ ಕಟ್ಟುತ್ತಾರೆ. ಹಾಡು ಮಾತ್ರ ಕೇಳುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಅವರ ಹೆಸರುಗಳನ್ನು ಮನೆಯವರ ಹೆಸರಿನಂತೆ ಹೇಳುವ ಈ ಊರಿನಲ್ಲಿ, ಒಂದು ಗಾವುದ ದೂರದ ಕುಂದಗೋಳದಲ್ಲಿ ಸವಾಯಿ ಗಂಧರ್ವರು ಶಿಷ್ಯರನ್ನು ತಿದ್ದಿದ ನೆಲದಲ್ಲಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹುಡುಗರು ಕತ್ತಲೆಯಲ್ಲೇ ಎದ್ದು ಸ್ವರ ಹಚ್ಚುವ ಸೀಮೆಯಲ್ಲಿ, ನೀರಿನ ದಂಡೆಯ ಮೇಲೆ ಕಟ್ಟಿದ ರಂಗವೊಂದು ಹಾಡಿಲ್ಲದೆ ಏಕೆ ಉಳಿಯಿತು ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ.

ಅಲ್ಲಿ ಹಾಡು ನಡೆದೇ ಇಲ್ಲವೆಂದಲ್ಲ. ಒಂದು ಸಂಜೆಯ ಕಛೇರಿಗೆ ನಾನು ಹೋಗಿದ್ದೆ. ಗಾಯಕರು ಒಳ್ಳೆಯ ತಾಲೀಮು ಇದ್ದವರು. ಸಂಜೆಯ ರಾಗವಾದ ಪೂರಿಯಾ ಧನಾಶ್ರೀಯಲ್ಲಿ ವಿಲಂಬಿತ ಖಯಾಲ್, ಅಂದರೆ ನಿಧಾನಗತಿಯ ಹಿಂದೂಸ್ತಾನಿ ಗಾಯನ, ಎತ್ತಿಕೊಂಡಾಗ ಹೊತ್ತು ಮುಳುಗುತ್ತಿತ್ತು. ರಾಗಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಾರದು. ಆದರೆ ಕೆರೆಯ ಕಡೆಯಿಂದ ಗಾಳಿ ಎದ್ದಿತು, ಮೈಕಿನೊಳಗೆ ಆ ಗಾಳಿಯೇ ಗಾಯಕರಿಗಿಂತ ಜೋರಾಗಿ ಉಸಿರಾಡತೊಡಗಿತು, ತಂಬೂರಿಯ ಝೇಂಕಾರ ಎರಡನೆಯ ಮೆಟ್ಟಿಲು ದಾಟುವ ಮೊದಲೇ ಎಲ್ಲೋ ಕರಗಿಹೋಯಿತು. ಗಾಯಕರು ಮಂದ್ರಕ್ಕೆ ಇಳಿದಾಗಲೆಲ್ಲ ರಸ್ತೆಯ ಹಾರ್ನುಗಳು ಆ ಬಿಡುವನ್ನು ತುಂಬಿದವು. ಕಛೇರಿ ಮುಗಿದ ಮೇಲೆ ತಬಲಾ ನುಡಿಸಿದ ಹಿರಿಯರು ವಾದ್ಯಕ್ಕೆ ಬಟ್ಟೆ ಸುತ್ತುತ್ತ, "ಇಲ್ಲೆ ಖ್ಯಾಲ ನಿಲ್ಲೂದಿಲ್ಲರಿ, ಹಾರಿ ಹೋಗತೈತಿ" ಎಂದರು. ಅದು ದೂರಿನ ಮಾತಾಗಿರಲಿಲ್ಲ, ಕೆಲಸ ಬಲ್ಲವನು ಜಾಗವನ್ನು ಅಳೆದು ಹೇಳಿದ ಮಾತಾಗಿತ್ತು. ಆ ಮಾತಿನ ಎರಡು ಮಗ್ಗುಲುಗಳನ್ನು, ಅಂದರೆ ನೀರಿನ ದಂಡೆಯಲ್ಲಿ ಹಾಡು ಹೇಗೆ ನಿಲ್ಲುತ್ತದೆ ಎಂಬುದನ್ನೂ, ಯಾವ ಹಾಡು ಅಲ್ಲಿ ನಿಲ್ಲುತ್ತದೆ ಎಂಬುದನ್ನೂ ಇಲ್ಲಿ ಯೋಚಿಸಿ ನೋಡುತ್ತಿದ್ದೇನೆ.

ಚಾರ್ಲ್ಸ್ ನದಿಯ ದಂಡೆ

ಮಗಳ ಮನೆಗೆಂದು ಬಾಸ್ಟನ್ನಿಗೆ ಹೋದಾಗ ಒಂದು ಜುಲೈ ಸಂಜೆ ಅವಳು ನನ್ನನ್ನು ಚಾರ್ಲ್ಸ್ ನದಿಯ ದಂಡೆಗೆ ಕರೆದುಕೊಂಡು ಹೋದಳು. ಅಲ್ಲಿಯ ಜನ ಆ ದಂಡೆಯನ್ನು ಎಸ್ಪ್ಲನೇಡ್ ಎಂದು ಕರೆಯುತ್ತಾರೆ. ಬೇಸಿಗೆಯ ಬೆಳಕು ಎಂಟು ಗಂಟೆಯಾದರೂ ಆರಿರಲಿಲ್ಲ. ಹುಲ್ಲಿನ ಮೇಲೆ ಜನ ಚಾದರ ಹಾಸಿ ಬುತ್ತಿ ಬಿಚ್ಚಿ ಕೂತಿದ್ದರು. ಟಿಕೀಟು ಕೇಳುವವರಿರಲಿಲ್ಲ, ಇಂಥವರಿಗೆ ಇಂಥ ಸಾಲು ಎಂದು ಕಾದಿರಿಸಿದ ಕುರ್ಚಿಗಳೂ ನಾನು ಕೂತ ಕಡೆ ಕಾಣಲಿಲ್ಲ. ನದಿಯಲ್ಲಿ ಬಿಳಿಯ ಹಾಯಿದೋಣಿಗಳು ನಿಧಾನವಾಗಿ ತಿರುಗುತ್ತಿದ್ದವು. ಎದುರಿಗೆ ಹ್ಯಾಚ್ ಶೆಲ್ ಎಂಬ ಅರ್ಧಗೋಳದ ವೇದಿಕೆ. ಅದರ ಬಾಯಿ ಜನರ ಕಡೆಗೆ ತೆರೆದಿದೆ, ಒಳಮೈ ಕಮಾನು ಕಮಾನಾಗಿ ಹಿಂದಕ್ಕೆ ಕಿರಿದಾಗುತ್ತ ಹೋಗುತ್ತದೆ. ಸುಮಾರು ಎಂಟು ವರ್ಷದ ಹುಡುಗಿಯೊಬ್ಬಳು ವಯಲಿನ್ ನುಡಿಸುವವರ ಕೈಗಳನ್ನೇ ನೋಡುತ್ತ ತನ್ನ ಬಲಗೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು, ಅವಳ ತಾಯಿ ಅವಳನ್ನು ತಡೆಯಲಿಲ್ಲ. ನನಗೆ ಆ ಸಂಗೀತದ ಒಳಗು ಗೊತ್ತಿಲ್ಲ. ಆದರೂ ಎದ್ದು ಹೋಗಬೇಕೆನಿಸಲಿಲ್ಲ. ಸುತ್ತಲಿನವರಲ್ಲಿ ಹೆಚ್ಚಿನವರಿಗೆ ಅಲ್ಲಿಗೆ ಬರುವುದು ವಾಡಿಕೆಯಾಗಿತ್ತು ಎಂಬುದು ಅವರು ಕೂತ ಬಗೆಯಲ್ಲೇ ತಿಳಿಯುತ್ತಿತ್ತು.

ಆ ವಾಡಿಕೆ ಹೇಗೆ ಹುಟ್ಟಿತೆಂದು ಆಮೇಲೆ ಓದಿಕೊಂಡೆ. ಮೊದಲು ನೀರಿನ ಕೆಲಸ ಆಗಿತ್ತು. ಚಾರ್ಲ್ಸ್ ನದಿ ಸಮುದ್ರದ ಉಬ್ಬರವಿಳಿತಕ್ಕೆ ಒಳಪಟ್ಟ ಅಳಿವೆಯಾಗಿದ್ದ ಕಾಲದಲ್ಲಿ ಇಳಿತದ ಹೊತ್ತಿಗೆ ಕೆಸರಿನ ಬಯಲು ಬಾಯಿ ಬಿಡುತ್ತಿತ್ತು, ಊರಿನ ಕೊಳಚೆಯೆಲ್ಲ ಅಲ್ಲಿ ನಾರುತ್ತಿತ್ತು. 1910ರಲ್ಲಿ ಅಣೆಕಟ್ಟು ಮುಗಿದ ಮೇಲೆ ಅದು ಒಂದೇ ಮಟ್ಟದ ಸಿಹಿನೀರಿನ ಹರವಾಯಿತು. ಆ ಅಣೆಕಟ್ಟಿಗಾಗಿ ದುಡಿದವರಲ್ಲಿ ಜೇಮ್ಸ್ ಸ್ಟೋರೋ ಎಂಬವರು ಮುಖ್ಯರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಹೆಲೆನ್ ಸ್ಟೋರೋ ದಂಡೆಯನ್ನು ಅಗಲ ಮಾಡಿ ಉದ್ಯಾನ ಬೆಳೆಸಲು ಹತ್ತು ಲಕ್ಷ ಡಾಲರ್ ಕೊಟ್ಟರು.

ಹಾಡು ಬಂದದ್ದು 1929ರ ಜುಲೈ 4ರಂದು. ಬಾಸ್ಟನ್ ಸಿಂಫನಿ ವಾದ್ಯವೃಂದದಲ್ಲಿ ವಿಯೋಲಾ ನುಡಿಸುತ್ತಿದ್ದ ಆರ್ಥರ್ ಫೀಡ್ಲರ್ ಎಂಬವರಿಗೆ, ಟಿಕೀಟು ಕೊಳ್ಳಲಾಗದವರಿಗೂ ಈ ಸಂಗೀತ ದಕ್ಕಬೇಕು, ಅದನ್ನು ಬಯಲಿನಲ್ಲಿ ಉಚಿತವಾಗಿ ನುಡಿಸಬೇಕು ಎಂಬ ಹಂಬಲವಿತ್ತು. ಅದಕ್ಕೆ ಬೇಕಾದ ಹಣವನ್ನು ಅವರೇ ಓಡಾಡಿ ಕೂಡಿಸಿದರು. ಆಗ ಅಲ್ಲಿದ್ದದ್ದು ಕೆಲವು ದಿನಗಳ ಮಟ್ಟಿಗೆಂದು ಎಬ್ಬಿಸಿದ ಮರದ ಗೂಡು. ಮುಂದೆ ಲೋಹದ್ದೊಂದು ಬಂತು. ಇಂದು ನಾವು ನೋಡುವ ಶೆಲ್ಲು ಉದ್ಘಾಟನೆಯಾದದ್ದು 1940ರ ಜುಲೈ 2ರಂದು, ಅಂದರೆ ಹಾಡು ಶುರುವಾಗಿ ಹನ್ನೊಂದು ವರ್ಷಗಳಾದ ಮೇಲೆ. ಈ ಚರಿತ್ರೆಯಲ್ಲಿ ನನ್ನ ಮನಸ್ಸು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಮಾರಿಯಾ ಹ್ಯಾಚ್ ಎಂಬ ಹೆಣ್ಣುಮಗಳು ತನ್ನ ಸೋದರ ಎಡ್ವರ್ಡ್‌ನ ನೆನಪಿಗೆ ಏನಾದರೂ ಮಾಡಿರೆಂದು ಮೂರು ಲಕ್ಷ ಡಾಲರುಗಳನ್ನು ಊರಿಗೆ ಬರೆದಿಟ್ಟು ಹೋಗಿದ್ದಳು. ಆ ಹಣ ವರ್ಷಗಟ್ಟಲೆ ಬಳಕೆಯಾಗದೆ ಉಳಿದಿತ್ತು. ಹಣವಿದ್ದರೂ ಏನು ಕಟ್ಟಬೇಕೆಂಬುದು ಹೊಳೆಯದ ಊರಿಗೆ, ಪ್ರತಿ ಬೇಸಿಗೆಯೂ ತಪ್ಪದೆ ದಂಡೆಗೆ ಬರುತ್ತಿದ್ದ ಜನಸಂದಣಿಯೇ ಏನು ಕಟ್ಟಬೇಕೆಂಬುದನ್ನು ತೋರಿಸಿಕೊಟ್ಟಿತು. ರಿಚರ್ಡ್ ಶಾ ಎಂಬ ವಾಸ್ತುಶಿಲ್ಪಿ ಆ ಕಮಾನನ್ನು ರಚಿಸುವ ಹೊತ್ತಿಗೆ ಯಾವ ವಾದ್ಯ ಎಲ್ಲಿ ಕೂಡಬೇಕು, ಗಾಳಿ ಯಾವ ಕಡೆಯಿಂದ ಬರುತ್ತದೆ, ಜನ ಎಷ್ಟು ದೂರ ಹಬ್ಬಿ ಕೂಡುತ್ತಾರೆ ಎಂಬುದೆಲ್ಲ ನುಡಿಸುವವರಿಗೆ ಅನುಭವದಿಂದಲೇ ತಿಳಿದಿತ್ತು. ನಮ್ಮ ಕೆರೆಯ ರಂಗಕ್ಕೆ ಇಲ್ಲದೆ ಹೋದದ್ದು ಈ ಹನ್ನೊಂದು ವರ್ಷಗಳೇ ಎಂದು ನನಗೆ ಅನಿಸಿದೆ.

ಮುಂದಿನ ಕಥೆಯನ್ನು ಅಲ್ಲಿಯ ಹೆಚ್ಚಿನವರು ಬಲ್ಲರು. ಫೀಡ್ಲರ್ 1979ರಲ್ಲಿ ತೀರಿಕೊಳ್ಳುವವರೆಗೆ ಆ ಸಂಗೀತವನ್ನು ನಡೆಸಿದರು. 1970ರ ದಶಕದಲ್ಲಿ ಅದಕ್ಕೆ ತೋಪಿನ ಸದ್ದು, ಚರ್ಚುಗಳ ಗಂಟೆ, ಸಿಡಿಮದ್ದು ಸೇರಿದವು. ಅಮೆರಿಕೆಯ ಸ್ವಾತಂತ್ರ್ಯದ ಇನ್ನೂರನೆಯ ವರ್ಷವಾದ 1976ರಲ್ಲಿ ನಾಲ್ಕು ಲಕ್ಷ ಜನ ಆ ದಂಡೆಯಲ್ಲಿ ನೆರೆದರು. ಆ ದೊಡ್ಡ ಸಂಖ್ಯೆಗಿಂತ ಅಲ್ಲಿಯ ರಸ್ತೆಯ ಕಥೆ ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ದಂಡೆಯ ಗುಂಟ ಹೆದ್ದಾರಿ ಮಾಡಬೇಕೆಂಬ ಯೋಜನೆಯನ್ನು ಹೆಲೆನ್ ಸ್ಟೋರೋ ಬದುಕಿರುವವರೆಗೂ ವಿರೋಧಿಸಿದ್ದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ರಸ್ತೆ ಬಂದೇ ಬಂತು, 1951ರಲ್ಲಿ ತೆರೆಯಿತು, ಅದಕ್ಕೆ ಅವರ ಗಂಡನ ಹೆಸರನ್ನೇ ಇಟ್ಟರು. ಊರಿಗೂ ನೀರಿಗೂ ನಡುವೆ ವಾಹನಗಳ ಹೊಳೆ ಹರಿಯಿತು. ಅದನ್ನು ದಾಟಲು ಕಟ್ಟಿದ ಕಾಲುಸೇತುವೆಗೆ ಫೀಡ್ಲರ್ ಅವರ ಹೆಸರು ಬಂತು. ನಾನು ಕೂತ ಸಂಜೆಯೂ ವಾದ್ಯಗಳು ಮೆತ್ತಗಾದಾಗ ಆ ರಸ್ತೆಯ ಮೊರೆತ ಕೇಳಿಸುತ್ತಿತ್ತು. ಹುಬ್ಬಳ್ಳಿಯ ಉಣಕಲ್ ಕೆರೆಯ ಮಗ್ಗುಲಲ್ಲಿ ಪುಣೆ-ಬೆಂಗಳೂರು (ಪಿ.ಬಿ.) ರಸ್ತೆಯ ಸದ್ದು ಕೇಳಿ ಬೆಳೆದ ನನಗೆ ಅದು ಚೆನ್ನಾಗಿ ಗುರುತಿದ್ದ ಸದ್ದು.

ಅಜ್ಜನ ಮಠದ ಕೆರೆ

ಅದೇ 1929ರ ಆಗಸ್ಟ್‌ನಲ್ಲಿ, ಫೀಡ್ಲರ್ ಅವರ ಮೊದಲ ಕಛೇರಿಯ ಮುಂದಿನ ತಿಂಗಳು, ಹುಬ್ಬಳ್ಳಿಯಲ್ಲಿ ಸಿದ್ಧಾರೂಢರು ಲಿಂಗೈಕ್ಯರಾದರು. ಈ ಎರಡಕ್ಕೂ ಕಾಲದ ಹೊಂದಿಕೆ ಬಿಟ್ಟರೆ ಯಾವ ಸಂಬಂಧವೂ ಇಲ್ಲ. ಆದರೆ ಅವರ ಪುಣ್ಯಾರಾಧನೆಗೆ ಶ್ರಾವಣದಲ್ಲಿ ಮಠದ ಕೆರೆಯೊಳಗೆ ನಡೆಯುವ ತೆಪ್ಪದ ತೇರನ್ನು ನೆನೆದರೆ, ನೀರಿನ ದಂಡೆಯಲ್ಲಿ ಜನ ಕೂಡಿ ಹಾಡುವುದು ನಮಗೆ ಹೊರಗಿನಿಂದ ಕಲಿಯಬೇಕಾದ ಸಂಗತಿ ಅಲ್ಲವೆಂಬುದು ಸ್ಪಷ್ಟವಾಗುತ್ತದೆ.

ಚಿಕ್ಕವನಿದ್ದಾಗ ಅಮ್ಮನ ತಾಯಿಯ ಜೊತೆ ಆ ತೇರಿಗೆ ಹೋಗುತ್ತಿದ್ದೆ. ಶ್ರಾವಣದ ಜಿಟಿಜಿಟಿ ಮಳೆ, ಕೆಸರು, ಒದ್ದೆ ಕಂಬಳಿಯ ವಾಸನೆ, ಗಿರ್ಮಿಟ್ಟಿನ ಪೊಟ್ಟಣ. ಅಜ್ಜಿ ಮಧ್ಯಾಹ್ನವೇ ಹೋಗಿ ಕೆರೆಯ ಮೆಟ್ಟಿಲ ಮೇಲೆ ಜಾಗ ಹಿಡಿಯುತ್ತಿದ್ದಳು. ಅವಳ ಪಕ್ಕದಲ್ಲಿ ಕೂತ ಹೆಂಗಸರು ಯಾವ ಊರಿನವರೆಂದು ಅವಳಿಗೆ ತಿಳಿಯದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಒಂದೇ ಪದ ಹಾಡುತ್ತಿದ್ದರು. ಒಬ್ಬಳು ನುಡಿ ಎತ್ತಿಕೊಟ್ಟರೆ ಉಳಿದವರು ಪಲ್ಲವಿಗೆ ಕೂಡುತ್ತಿದ್ದರು. ಆಚೆ ದಂಡೆಯಲ್ಲಿ ಭಜನೆಯ ತಂಡವೊಂದು ತಾಳ ಬಾರಿಸುತ್ತ ಬೇರೆಯದೇ ಪದ ಹಾಡುತ್ತಿತ್ತು. ನೀರಿನ ಮೇಲಿಂದ ಅದು ಇಷ್ಟು ಹತ್ತಿರ ಬಂದು ಕಿವಿಗೆ ಬೀಳುತ್ತಿತ್ತೆಂದರೆ, ಹಾಡುವವರು ನಮ್ಮ ಬೆನ್ನ ಹಿಂದೆಯೇ ಇದ್ದಾರೆಂದು ನಾನು ತಿರುಗಿ ನೋಡುತ್ತಿದ್ದೆ. ಹೊತ್ತು ಮುಳುಗುವ ಸುಮಾರಿಗೆ ಸಿಂಗರಿಸಿದ ತೆಪ್ಪ ಹೊರಟಾಗ ಆ ಎಲ್ಲ ಬಿಡಿಬಿಡಿ ಹಾಡುಗಳೂ ನಿಂತು, ಕೆರೆಯ ನಾಲ್ಕೂ ಕಡೆಯಿಂದ "ಓಂ ನಮಃ ಶಿವಾಯ" ಎಂಬ ಒಂದೇ ದನಿ ಏಳುತ್ತಿತ್ತು. ಉತ್ತತ್ತಿ, ಬಾಳೆಹಣ್ಣುಗಳು ತೆಪ್ಪದ ಕಡೆಗೆ ಹಾರುತ್ತಿದ್ದವು. ಅಲ್ಲಿ ವೇದಿಕೆ ಎಂಬುದೇ ಇರಲಿಲ್ಲ, ಹಾಡುವವರು ಕೇಳುವವರು ಎಂಬ ಎರಡು ಪಂಗಡಗಳೂ ಇರಲಿಲ್ಲ. ಮುಂದಿನ ವರ್ಷ ತೇರು ಯಾವತ್ತು ಎಂದು ಅಜ್ಜಿ ಯಾರನ್ನೂ ಕೇಳುತ್ತಿರಲಿಲ್ಲ. ಪಂಚಾಂಗ ನೋಡಿದರೆ ಅವಳಿಗೆ ಸಾಕಾಗುತ್ತಿತ್ತು.

ತಿಥಿ ಗೊತ್ತಿದ್ದರೆ ಜನ ಬರುತ್ತಾರೆ ಎಂಬುದಕ್ಕೆ ಕುಂದಗೋಳವೂ ಸಾಕ್ಷಿ. ಅಲ್ಲಿಯ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯಸ್ಮರಣೆಯ ಅಹೋರಾತ್ರಿ ಸಂಗೀತಕ್ಕೆ ಕೇಳುಗರು ಸುತ್ತಲಿನ ಹಳ್ಳಿಗಳಿಂದ ಕರೆಯೋಲೆಗೆ ಕಾಯದೆ ಬರುತ್ತಾರೆ. ವಾಡೆ ಸಂಗೀತಸಭೆಗೆಂದು ಕಟ್ಟಿದ್ದಲ್ಲ. ಅದು ಒಂದು ಮನೆತನದ ಮನೆ, ಅದರ ಪಡಸಾಲೆಗೆ ಹಾಡು ಬಂದು ಸೇರಿಕೊಂಡಿತು.

ಕಾವೇರಿಯ ಮಗ್ಗುಲಲ್ಲಿ ಒಬ್ಬ ಕನ್ನಡತಿ

ಭಾರತದಲ್ಲಿ ನೀರಿನ ದಂಡೆಯ ಸಂಗೀತಸ್ಥಳ ಎಂದರೆ ಮೊದಲು ನೆನಪಾಗಬೇಕಾದದ್ದು ತಿರುವಯ್ಯಾರು. ಕಾವೇರಿಯ ದಂಡೆಯಲ್ಲಿ 1847ರಲ್ಲಿ ತ್ಯಾಗರಾಜರ ದೇಹವನ್ನು ಮಣ್ಣು ಮಾಡಿದ ಜಾಗ ಮುಂದೆ ಬಹುಕಾಲ ಪಾಳು ಬಿದ್ದಿತ್ತು. ಶಿಷ್ಯಪರಂಪರೆಯವರು ಆರಾಧನೆ ನಡೆಸುತ್ತಿದ್ದರೂ ಪಂಗಡಗಳಾಗಿ ಒಡೆದು ಜಗಳವಾಡುತ್ತಿದ್ದರು. ಆ ಜಾಗವನ್ನು ಪಡೆದು, ತಾನು ಹಾಡಿ ಗಳಿಸಿದ ಹಣದಲ್ಲಿ ಗುಡಿ ಕಟ್ಟಿಸಿ, 1925ರಲ್ಲಿ ಪ್ರತಿಷ್ಠೆ ಮಾಡಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಗುಡಿ ಕಟ್ಟಿಸಿದ ಆ ಮಹಾತಾಯಿಗೇ ಆರಾಧನೆಯಲ್ಲಿ ಹಾಡಲು ಎಡೆ ಕೊಡಲಿಲ್ಲ, ಹೆಂಗಸರು ಹಾಡಬಾರದೆಂದರು. ಅವರು ಎದೆಗುಂದದೆ ಹೆಂಗಸರದೇ ಒಂದು ಆರಾಧನೆಯನ್ನು ಶುರುಮಾಡಿ ವರ್ಷವರ್ಷವೂ ನಡೆಸಿದರು. 1940ರ ಸುಮಾರಿಗೆ ಪಂಗಡಗಳೆಲ್ಲ ಒಂದಾಗಿ, ಪುಷ್ಯ ಬಹುಳ ಪಂಚಮಿಯಂದು ಎಲ್ಲರೂ ಕೂಡಿ ಪಂಚರತ್ನ ಕೃತಿಗಳನ್ನು ಹಾಡುವ ಇಂದಿನ ಪದ್ಧತಿ ನೆಲೆಗೊಂಡಿತು. ಇಂದಿಗೂ ಅಲ್ಲಿ ಆರಾಧನೆಗೆಂದು ಚಪ್ಪರ ಏಳುತ್ತದೆ, ಮುಗಿದ ಮೇಲೆ ಇಳಿಯುತ್ತದೆ. ಜಗತ್ತಿನ ಮೂಲೆಮೂಲೆಯಿಂದ ಗಾಯಕರು ಬರುವ ಸ್ಥಳವೊಂದು ಚಪ್ಪರದಲ್ಲೇ ತೃಪ್ತವಾಗಿರುವುದನ್ನು ನಮ್ಮ ಕೆರೆಯ ದಂಡೆಯಲ್ಲಿ ನಿಂತು ನಾನು ಅನೇಕ ಸಲ ನೆನೆದಿದ್ದೇನೆ. ನಾಗರತ್ನಮ್ಮನವರ ಹಟವನ್ನೂ ನೆನೆದಿದ್ದೇನೆ. ಜಾಗ ಉಳಿಯಬೇಕಾದರೆ ಯಾರಾದರೂ ಒಬ್ಬರು ಅದನ್ನು ತಮ್ಮ ಜೀವನದ ಕೆಲಸವೆಂದು ಹಚ್ಚಿಕೊಳ್ಳಬೇಕಾಗುತ್ತದೆ. ಬಾಸ್ಟನ್ನಿನಲ್ಲೂ ಆದದ್ದು ಅದೇ.

ಯಾವ ಹಾಡು, ಯಾವ ಹೊತ್ತು

ಇನ್ನು ತಬಲಾದವರ ಮಾತಿನ ಎರಡನೆಯ ಮಗ್ಗುಲು. ಖಯಾಲ್ ಗಾಯನ ನಮ್ಮಲ್ಲಿ ಬೆಳೆದದ್ದು ವಾಡೆಗಳ ಪಡಸಾಲೆಗಳಲ್ಲಿ, ಮಠದ ಅಂಗಳಗಳಲ್ಲಿ, ಆಮೇಲೆ ಆಕಾಶವಾಣಿಯ ಸ್ಟುಡಿಯೋದಲ್ಲಿ. ಮರದ ಕಂಬ, ತೊಲೆ, ಸುಣ್ಣದ ಗೋಡೆ ಇವು ದನಿಯನ್ನು ಸ್ವಲ್ಪ ಹೀರಿ, ಸ್ವಲ್ಪ ಹಿಂದಕ್ಕೆ ಕೊಡುತ್ತವೆ. ಗಾಯಕನಿಗೆ ತನ್ನದೇ ದನಿ ತಿರುಗಿ ಕೇಳಿಸಿದಾಗ ಅವನು ಮುಂದಿನ ಸ್ವರವನ್ನು ಧೈರ್ಯದಿಂದ ನಿಧಾನಿಸಬಲ್ಲ. ಬಯಲಿನಲ್ಲಿ ಹೋದ ದನಿ ಹಿಂದಿರುಗುವುದಿಲ್ಲ. ಶೆಲ್ಲಿನ ಕಮಾನು ಮಾಡುವುದು ಆ ಕಳೆದುಹೋದ ಗೋಡೆಯ ಕೆಲಸವನ್ನೇ. ಹಿಂದಕ್ಕೂ ಮೇಲಕ್ಕೂ ಹೋಗಬಹುದಾಗಿದ್ದ ದನಿಯನ್ನು ಅದು ಮುಂದಕ್ಕೆ ತಿರುಗಿಸುತ್ತದೆ, ವಾದಕರಿಗೆ ಒಬ್ಬರದೊಬ್ಬರಿಗೆ ಕೇಳುವಂತೆ ಮಾಡುತ್ತದೆ. ನಮ್ಮ ರಂಗದ ಹಿಂಭಾಗ ನೀರಿಗೆ ಪೂರ್ತಿ ತೆರೆದಿದೆ. ನೋಟಕ್ಕೆ ಅದು ಚೆಂದ, ದನಿಗೆ ಅದು ಸೋರಿಕೆ. ಮೇಲಾಗಿ ಸಂಜೆಯ ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ತಂಬೂರಿಯ ಜೀವಾಳ ಮಂಕಾಗುತ್ತದೆ. ನೀರಿಗೆ ತನ್ನದೇ ಒಂದು ಉಪಕಾರಬುದ್ಧಿಯೂ ಉಂಟು. ನೀರಿಗೆ ತಾಗಿದ ಗಾಳಿ ತಂಪಾಗಿದ್ದು ಅದರ ಮೇಲಿನ ಗಾಳಿ ಬೆಚ್ಚಗಿದ್ದಾಗ, ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚಿರುವುದರಿಂದ, ಮೇಲಕ್ಕೆ ಹೊರಟ ದನಿ ಬಾಗಿ ಮತ್ತೆ ಕೆಳಕ್ಕೆ ಇಳಿಯುತ್ತದೆ. ಅಜ್ಜಿಯ ಜೊತೆ ಕೂತಾಗ ಆಚೆ ದಂಡೆಯ ಭಜನೆ ನನ್ನ ಬೆನ್ನ ಹಿಂದೆ ಕೇಳಿದ್ದು ಬಹುಶಃ ಇದೇ ಕಾರಣಕ್ಕೆ.

ಬಯಲಿಗೆಂದೇ ಹುಟ್ಟಿದ ಹಾಡುಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದ ಶರೀಫರ ತತ್ವಪದಗಳನ್ನು ಏಕತಾರಿ, ದಮ್ಮಡಿಗಳ ಜೊತೆ ಕಟ್ಟೆಯ ಮೇಲೆ ಕೂತು ಹಾಡುವವರಿಗೆ ಗೋಡೆಯ ಹಂಗು ಬೇಕಿಲ್ಲ. ಅಲ್ಲಿ ಮಾತು ಮುಂದಿರುತ್ತದೆ, ಪಲ್ಲವಿಗೆ ಎಲ್ಲರೂ ಕೂಡುತ್ತಾರೆ, ಗಾಳಿ ಒಂದು ಸಾಲನ್ನು ಹೊತ್ತೊಯ್ದರೂ ಮರಳಿ ಬರುವ ಸಾಲು ಅದನ್ನು ತುಂಬಿಕೊಡುತ್ತದೆ. ಸನಾದಿಯ ದನಿ ಊರ ಹೊರಗಿನವರೆಗೂ ಮುಟ್ಟುವಂಥದು. ಕೆರೆಯ ದಂಡೆಯಲ್ಲಿ ಮೊದಲು ನೆಲೆಗೊಳ್ಳಬೇಕಾದದ್ದು ಇವು ಎಂದು ನನ್ನ ಗಟ್ಟಿಯಾದ ಅಭಿಪ್ರಾಯ. ಖಯಾಲಿಗೂ ಅಲ್ಲಿ ಜಾಗವಿದೆ, ಆದರೆ ಸಂಜೆಯಲ್ಲ, ಬೆಳಗಿನ ಜಾವದಲ್ಲಿ. ನಮ್ಮ ಕೆರೆಗಳ ಮೇಲೆ ಗಾಳಿ ನಿಂತಿರುವ ಹೊತ್ತು ಅದು. ರಸ್ತೆಯಲ್ಲಿ ಸದ್ದು ತೀರ ಕಡಿಮೆ. ಲಲತ್, ಭೈರವ, ತೋಡಿಗಳನ್ನು ಅವುಗಳ ಸಮಯದಲ್ಲಿ ಕೇಳುವ ಅವಕಾಶ ಸಭಾಂಗಣಗಳಲ್ಲಿ ನಮಗೆ ಅಪರೂಪವಾಗಿಬಿಟ್ಟಿದೆ. ಅಹೋರಾತ್ರಿ ಸಂಗೀತದ ಕೊನೆಯಲ್ಲಿ ಕಣ್ಣುರಿಯುತ್ತ ಕೇಳಿದ ಬೆಳಗಿನ ರಾಗಗಳೇ ಹೆಚ್ಚಿನ ಕೇಳುಗರ ಪಾಲಿಗೆ ಉಳಿದಿರುವುದು. ನಿದ್ದೆ ಮುಗಿಸಿ ತಿಳಿಯಾದ ಮನಸ್ಸಿನಿಂದ ಬಂದು, ಬೆಳಕು ಹರಿಯುವವರೆಗೆ ಒಂದೇ ರಾಗವನ್ನು ಮೈಕಿಲ್ಲದೆ ಕೇಳಬಹುದಾದ ಜಾಗ ಕೆರೆಯ ದಂಡೆ. ಮೈಕಿಲ್ಲದಿದ್ದರೆ ಕೇಳುಗರು ನೂರು ಜನಕ್ಕಿಂತ ಹೆಚ್ಚಿರಲಾಗದು, ಇರಬೇಕಾಗಿಯೂ ಇಲ್ಲ. ಗಾಯಕರ ಬೆನ್ನಿಗೆ ಒಂದು ಮರದ ಪರದೆ ನಿಲ್ಲಿಸಿದರೆ ದನಿಯ ಸೋರಿಕೆ ಎಷ್ಟೋ ನಿಲ್ಲುತ್ತದೆ. ಅದರ ಎತ್ತರ, ಬಾಗು ಎಷ್ಟಿರಬೇಕೆಂಬುದನ್ನು ಹಾಡುತ್ತಾ ಹಾಡುತ್ತಾ ಕಂಡುಕೊಳ್ಳಬಹುದು.

ಇದೆಲ್ಲಕ್ಕೂ ಮೊದಲು ನೀರು. ಅಂತರಗಂಗೆ ಹಬ್ಬಿದ, ಚರಂಡಿ ಬಂದು ಸೇರುವ ಕೆರೆಯ ದಂಡೆಯಲ್ಲಿ ಯಾರೂ ಅರ್ಧ ಗಂಟೆ ಕಣ್ಣು ಮುಚ್ಚಿ ಕೂಡಲಾರರು. ಬಾಸ್ಟನ್ನಿನಲ್ಲಿ ಅಣೆಕಟ್ಟಿನ ಕೆಲಸ ಮುಗಿದು ಹತ್ತೊಂಬತ್ತು ವರ್ಷಗಳಾದ ಮೇಲೆ ಹಾಡು ಬಂತು. ನಾವು ಅಷ್ಟು ಕಾಯಬೇಕಿಲ್ಲ, ಏಕೆಂದರೆ ಹಾಡಿಗೆ ಬಂದವರೇ ನೀರಿನ ಬಗ್ಗೆ ಕೇಳತೊಡಗುತ್ತಾರೆ. ಕೆರೆಯ ಕಡೆಗೆ ಬೆನ್ನು ಮಾಡಿ ಕಟ್ಟಿದ ಬಡಾವಣೆಗಳಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಈ ಮಾತುಗಳನ್ನು ಧಾರವಾಡದ ಒಬ್ಬ ಗಾಯಕರ ಮುಂದೆ ಇಟ್ಟೆ. ಅವರು ಸಂಭಾವನೆಯ ಮಾತೆತ್ತಲಿಲ್ಲ. ಮಾಘದ ಚಳಿಯಲ್ಲಿ ಗಂಟಲು ತೆರೆಯಲು ಎಷ್ಟು ಹೊತ್ತು ಬೇಕು, ಜಾವದಲ್ಲಿ ತಂಬೂರಿ ಹೊರಗೆ ತಂದರೆ ಶ್ರುತಿಗೆ ಎಷ್ಟು ಮೊದಲು ಕೂಡಬೇಕು ಎಂದು ಲೆಕ್ಕ ಹಾಕಿದರು. ಬೇಂದ್ರೆಯವರು ಬಾಳಿದ ಸಾಧನಕೇರಿಯ ದಂಡೆ ಚಿಕ್ಕದು, ಸುತ್ತ ಮನೆಗಳಿವೆ, ನಮ್ಮ ಕೆಲಸಕ್ಕೆ ಅದೇ ಸರಿಹೋಗಬಹುದೆಂದು ಅವರೇ ಸೂಚಿಸಿದರು. ಕಟ್ಟಿದ ರಂಗವನ್ನು ಬಿಟ್ಟುಕೊಡಬಾರದೆಂಬುದು ನನ್ನ ವಾದ. ಅದು ಇನ್ನೂ ತೀರ್ಮಾನವಾಗಿಲ್ಲ. ತಿಥಿ ಮಾತ್ರ ನಿಶ್ಚಯವಾಗಿದೆ: ಮಾಘ ಶುದ್ಧ ಪಂಚಮಿ, ಬೆಳಗಿನ ಐದೂವರೆ. ಮೊದಲ ವರ್ಷ ಯಾರೂ ಬರದಿದ್ದರೂ ಮುಂದಿನ ಮಾಘ ಶುದ್ಧ ಪಂಚಮಿಗೆ ತಾವು ಅಲ್ಲಿ ಕೂತು ಹಾಡುವುದಾಗಿ ಅವರು ಹೇಳಿದ್ದಾರೆ. ಚಾಪೆ ಹಾಸುವ, ಪರದೆ ನಿಲ್ಲಿಸುವ ಕೆಲಸ ನನ್ನದು.